ಎರಡೇ ಪಾಯಿಂಟ್!

ಶಿವಮೊಗ್ಗದ ಜುಲೈ ಮಳೆಯಲ್ಲಿ ಬಾಸ್ಕೆಟ್‌ಬಾಲ್ ಕೋರ್ಟ್ ಒಣಗುವ ಮಾತೇ ಇಲ್ಲ. ಇವತ್ತೂ ಹುಡುಗಿಯರು ಗೋಣಿಚೀಲದಿಂದ ನೀರು ಒರೆಸಿಕೊಂಡೇ ಆಡಿದರು. ನಾನು ಛತ್ರಿ ಕೆಳಗೆ ಕೂತು ಸ್ಕೋರ್ ಬರೆದೆ. ಫೌಲ್ ಆದಾಗ ಸಿಗುವ ಫ್ರೀ ಥ್ರೋ ಬಿದ್ದರೆ ಚುಕ್ಕೆ, ಮೂರು ಪಾಯಿಂಟ್ ಬಿದ್ದರೆ ಆಟಗಾರ್ತಿಯ ನಂಬರ್ ಸುತ್ತ ಒಂದು ಸೊನ್ನೆ. ಕಾಲೇಜು ದಿನಗಳಿಂದ ಇದೇ ಹುಚ್ಚು. ಮ್ಯಾಚ್ ಮುಗಿದ ಮೇಲೆ ನಾಲ್ಕು ಸಾಲು ವರದಿ ಬರೆದು ಪೇಪರ್‌ನವರಿಗೆ ಕಳಿಸಿದರೇನೇ ಸಮಾಧಾನ.

2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಭಾರತದ ಹುಡುಗಿಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ ಬಿ ಡಿವಿಷನ್ (ಎರಡನೇ ಹಂತದ ಟೂರ್ನಿ) ಗೆದ್ದರು. ಎಷ್ಟು ಜನಕ್ಕೆ ನೆನಪಿದೆ? ಕ್ರಿಕೆಟ್ ಆಗಿದ್ದರೆ ಬೀದಿಬೀದಿಯಲ್ಲೂ ಪಟಾಕಿ ಹೊಡೆಯುತ್ತಿದ್ದೆವು, ಅಲ್ವಾ? ಈ ಸಂಕಟಕ್ಕೇ ಬರೆಯುತ್ತಾ ಬಂದಿದ್ದೇನೆ.

ನಾಳೆ ಸಂಜೆ ಭದ್ರಾವತಿ ಹುಡುಗಿಯರ ಜೊತೆ ಮ್ಯಾಚ್ ಇದೆ. ಬಿಡುವಿದ್ದರೆ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ.