ಗೋವಾದ ರಸ್ತೆ ಬದಿಯಲ್ಲಿ ರಾತ್ರಿ ತಂಗುವ ಮುನ್ನ

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದೋ, ಕಾರವಾರ ದಾಟಿ ಪೊಳೆಂ ಗಡಿಯ ಮೂಲಕವೋ ಗೋವಾಕ್ಕೆ ಬರುವ ಕರ್ನಾಟಕದ ವಾಹನಗಳಲ್ಲಿ ಈಚೆಗೆ ಕ್ಯಾರವಾನ್‌ಗಳೂ ಕಾಣಿಸತೊಡಗಿವೆ. ಹಾಸಿಗೆ, ಒಲೆ, ಶೌಚಾಲಯ ಎಲ್ಲವೂ ಗಾಡಿಯೊಳಗೇ ಇರುವಾಗ ಹೋಟೆಲಿಗೇಕೆ ಹಣ ಸುರಿಯಬೇಕು, ಸಮುದ್ರ ಕಾಣುವ ಯಾವುದಾದರೂ ರಸ್ತೆ ಬದಿಯಲ್ಲಿ ರಾತ್ರಿ ಕಳೆದರಾಗದೇ ಎಂದು ಊರಿನ ಬಂಧುಗಳು ಫೋನಿನಲ್ಲಿ ಕೇಳುತ್ತಾರೆ. ಮಡಗಾಂವ್‌ನಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗನಾಗಿ ಅವರಿಗೆ ನಾನು ಹೇಳುವುದು ಇಷ್ಟು: ದಣಿದವರು ಗಾಡಿ ನಿಲ್ಲಿಸಿ ನಿದ್ದೆ ಮಾಡುವುದನ್ನು ಇಲ್ಲಿಯ ಹಳ್ಳಿಯವರು ಸಹಿಸಿಕೊಳ್ಳುತ್ತಾರೆ, ತಮ್ಮ ಮನೆಯೆದುರು ಬಿಡಾರ ಹೂಡುವುದನ್ನು ಸಹಿಸುವುದಿಲ್ಲ. ಸಹಿಸಬೇಕೆಂದು ನಾವು ನಿರೀಕ್ಷಿಸುವುದೂ ನ್ಯಾಯವಲ್ಲ.

ಕಾನೂನು ಇಲ್ಲಿಯೂ ನಮ್ಮಲ್ಲಿಯೂ ಒಂದೇ. ಇತರರಿಗೆ ಅಪಾಯವೋ ಅಡಚಣೆಯೋ ಆಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಿಡಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮು ಹೇಳುತ್ತದೆ. ಸೇತುವೆ, ತಿರುವು, ಪಾದಚಾರಿ ಮಾರ್ಗ, ಬಸ್ ನಿಲ್ದಾಣದ ಆಸುಪಾಸು, ಶಾಲೆ ಮತ್ತು ಆಸ್ಪತ್ರೆಗಳ ಬಾಗಿಲು, ಮತ್ತೊಬ್ಬರ ಗೇಟು ಇವೆಲ್ಲವೂ ನಿಲುಗಡೆಗೆ ಸಲ್ಲದ ಜಾಗಗಳೆಂದು 2017ರ ಚಾಲನಾ ನಿಯಮಾವಳಿ ಸ್ಪಷ್ಟಪಡಿಸಿದೆ. ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ನಿಂತ ವಾಹನವನ್ನು, ನಿಷೇಧವಿರುವಲ್ಲಿ ನಿಂತಿದ್ದರೆ ಅಷ್ಟು ಹೊತ್ತೂ ಕಾಯದೆ, ಎಳೆದೊಯ್ಯಿಸುವ ಅಧಿಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ 127ನೇ ಕಲಮಿನಡಿ ಇದೆ. ಈ ಹತ್ತು ಗಂಟೆಯನ್ನು ತಂಗಲು ಸಿಕ್ಕ ಪರವಾನಗಿಯೆಂದು ಓದಿಕೊಳ್ಳುವವರನ್ನು ಕಂಡಿದ್ದೇನೆ, ಅದು ಪರವಾನಗಿಯಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ನಿಲ್ಲಿಸುವ ವಿಚಾರವನ್ನಂತೂ ಬಿಟ್ಟೇಬಿಡಬೇಕು. ರಾತ್ರಿಯಿಡೀ ಲಾರಿಗಳು ಓಡುವ ಆ ರಸ್ತೆಯ ಬದಿಯಲ್ಲಿ ಮಕ್ಕಳನ್ನು ಮಲಗಿಸುವುದು ನನಗೆ ಊಹಿಸಲೂ ಆಗದ ಮಾತು.

ಕಾನೂನಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಆ ಜಾಗ ಯಾರದೆಂಬುದಕ್ಕೆ. ಬೇಲಿಯಿಲ್ಲದ ಬಯಲು ಕಂಡರೆ ಸರ್ಕಾರದ್ದಿರಬೇಕೆಂದು ನಮ್ಮವರು ಭಾವಿಸುತ್ತಾರೆ, ಆದರೆ ಗೋವಾದಲ್ಲಿ ಅಂತಹ ನೆಲ ಅನೇಕ ಕಡೆ ಊರಿನ ಕೊಮುನಿದಾದ್‌ಗೆ, ಎಂದರೆ ಪೋರ್ಚುಗೀಸರಿಗಿಂತಲೂ ಹಿಂದಿನಿಂದ ಬಂದ ಗ್ರಾಮಸಮುದಾಯದ ಒಡೆತನಕ್ಕೆ, ಸೇರಿರುತ್ತದೆ. ಆದ್ದರಿಂದ ಕತ್ತಲಾಗುವ ಮೊದಲೇ ಹತ್ತಿರದ ಮನೆಯ ಅಥವಾ ಅಂಗಡಿಯ ಹಿರಿಯರನ್ನು ಕಂಡು, ಎಷ್ಟು ಜನರಿದ್ದೇವೆ, ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತೇವೆ ಎಂಬುದನ್ನು ತಿಳಿಸಿ ಕೇಳಬೇಕು. ಬೇಡವೆಂದರೆ ವಾದಿಸದೆ ಮುಂದೆ ಹೋಗಬೇಕು.

ಇಲ್ಲಿ ನಮ್ಮವರಿಗೇ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿಯಿದೆ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ದುಡಿಯಲು ಬಂದ ಅನೇಕರು ಇಲ್ಲಿ ಪೆಟ್ರೋಲ್ ಬಂಕುಗಳಲ್ಲಿಯೂ ಕಟ್ಟಡಗಳ ಕಾವಲಿನಲ್ಲಿಯೂ ಇದ್ದಾರೆ. ಕನ್ನಡದ ಮಾತು ಕಿವಿಗೆ ಬಿದ್ದೊಡನೆ ಅವರ ಮುಖ ಅರಳುತ್ತದೆ, "ನಿಲ್ಲಸ್ರೀ ಯಣ್ಣಾ, ಯಾರೂ ಏನೂ ಅನ್ನಂಗಿಲ್ಲ" ಎಂದು ಗೇಟು ತೆರೆದೇ ಬಿಡುತ್ತಾರೆ. ಆ ಪ್ರೀತಿ ನಿಜವಾದದ್ದು. ಆದರೆ ಜಾಗ ಅವರದಲ್ಲ, ಮತ್ತು ಮಾಲೀಕರು ಬೆಳಗ್ಗೆ ಬಂದು ಕೇಳಿದಾಗ ಬೈಗುಳ ತಿನ್ನುವವರು, ಕೆಲವೊಮ್ಮೆ ಕೆಲಸವನ್ನೇ ಕಳೆದುಕೊಳ್ಳುವವರು ಅವರೇ. ಆದ್ದರಿಂದ ಅವರಿಂದ ಮಾಲೀಕರ ಅಥವಾ ಮ್ಯಾನೇಜರರ ಫೋನ್ ನಂಬರು ಪಡೆದು ನೇರವಾಗಿ ಒಪ್ಪಿಗೆ ಕೇಳಬೇಕು. ಇದನ್ನು ನಾನು ಬಂಧುಗಳಿಗೆ ಪ್ರತಿ ಸಲವೂ ಒತ್ತಿ ಹೇಳುತ್ತೇನೆ.

ಒಪ್ಪಿಗೆ ಸಿಕ್ಕಿದ ಮೇಲೂ ಗಾಡಿಯ ಹೊರಗೆ ಏನನ್ನೂ ಹರಡಬಾರದು. ಮಡಚುವ ಕುರ್ಚಿ, ಚಾವಣಿಯ ಬಟ್ಟೆ, ಒಗೆದ ಅರಿವೆಯ ಹಗ್ಗ, ಗ್ಯಾಸ್ ಒಲೆ ಇವುಗಳಲ್ಲಿ ಒಂದು ಹೊರಬಂದರೂ ನಿಲುಗಡೆ ಬಿಡಾರವಾಗುತ್ತದೆ. ಧಾರವಾಡದ ನಮ್ಮ ಓಣಿಯಲ್ಲಿ, ನಮ್ಮ ರಂಗೋಲಿಯ ಪಕ್ಕದಲ್ಲೇ ಅಪರಿಚಿತರು ಒಲೆ ಹೂಡಿ ಒಗ್ಗರಣೆ ಹಾಕಿದರೆ ನಮಗೆ ಹೇಗಾದೀತೋ ಇವರಿಗೂ ಹಾಗೆಯೇ ಆಗುತ್ತದೆ. ಬಸ್ಸುಗಳಲ್ಲಿ ಬಂದ ಪ್ರವಾಸಿಗರು ರಸ್ತೆ ಬದಿಯಲ್ಲಿ ಅಡುಗೆ ಮಾಡಿ ಎಲೆ, ಬಾಟಲಿಗಳನ್ನು ಅಲ್ಲೇ ಬಿಟ್ಟುಹೋಗುವುದರ ವಿರುದ್ಧ ಇಲ್ಲಿ ವರ್ಷಗಳಿಂದ ಅಸಮಾಧಾನವಿತ್ತು. ಅದರಿಂದಲೇ 2001ರ ಪ್ರವಾಸಿ ತಾಣಗಳ ಸಂರಕ್ಷಣಾ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು, ಅಂತಹ ತಾಣಗಳ ಬಯಲಿನಲ್ಲಿ ಅಡುಗೆ ಮಾಡುವವರಿಗೆ ಮತ್ತು ಮದ್ಯ ಕುಡಿಯುವವರಿಗೆ ಆಗ 2,000 ರೂಪಾಯಿ, ಗುಂಪಾಗಿದ್ದರೆ 10,000 ರೂಪಾಯಿ ದಂಡ ಗೊತ್ತುಮಾಡಿದ್ದರು. ಗಾಡಿಯೊಳಗೆ ಕುಡಿಯುವುದು ನಿಮ್ಮಿಷ್ಟವೆಂದುಕೊಂಡರೂ, ಚಾಲಕ ಮಾತ್ರ ಮುಟ್ಟಕೂಡದು, ಏಕೆಂದರೆ ನಡುರಾತ್ರಿ ಪೊಲೀಸರು ಬಂದು ಗಾಡಿ ತೆಗೆಯಿರೆಂದರೆ ಓಡಿಸಲು ಒಬ್ಬರಾದರೂ ಎಚ್ಚರವಾಗಿರಬೇಕು.

ಕೊಳೆ ನೀರಿನ ವಿಷಯದಲ್ಲಿ ನನ್ನ ಮಾತು ಕಠಿಣವೆನಿಸಬಹುದು. ಪಾತ್ರೆ ತೊಳೆದ ನೀರಿನ ನಲ್ಲಿಯನ್ನು ಗಟಾರದ ಕಡೆಗೆ ತಿರುಗಿಸಿಡುವವರಿದ್ದಾರೆ. ಶೌಚದ ತೊಟ್ಟಿಯನ್ನೇ ಕತ್ತಲಲ್ಲಿ ಬರಿದು ಮಾಡುವವರೂ ಇದ್ದಾರೆ. ಇಲ್ಲಿಯ ನೆಲದ ಬಹುಭಾಗ ಕೆಂಪು ಚಿರೇಕಲ್ಲಿನದು, ರಂಧ್ರಗಳಿಂದ ತುಂಬಿದ್ದು. ಮೇಲೆ ಚೆಲ್ಲಿದ್ದು ಅದರ ಮೂಲಕ ಬೇಗ ಕೆಳಗಿಳಿಯುತ್ತದೆ, ಮತ್ತು ಹಳ್ಳಿಯ ಮನೆಗಳ ಹಿತ್ತಲಲ್ಲಿ ಬಾವಿಗಳಿವೆ. ಆದ್ದರಿಂದ ಎರಡೂ ತೊಟ್ಟಿಗಳನ್ನು ಮುಚ್ಚಿಟ್ಟು, ಒಪ್ಪುವ ಹೋಟೆಲಿನಲ್ಲೋ ಕ್ಯಾಂಪಿನಲ್ಲೋ ಮಾತ್ರ ಖಾಲಿ ಮಾಡಬೇಕು. ಕಸವನ್ನು ಹಸಿ ಮತ್ತು ಒಣ ಎಂದು ಬೇರ್ಪಡಿಸಿ ಜೊತೆಯಲ್ಲೇ ಒಯ್ಯಬೇಕು.

ಕಡಲ ದಂಡೆಯ ಮೇಲೆ ವಾಹನ ಇಳಿಸುವುದು ಗೋವಾದಲ್ಲಿ ನಿಷಿದ್ಧ. ದಂಡೆಗೆ ತಾಗಿದ ರಸ್ತೆಯಲ್ಲಿಯೂ ಮೊರ್ಜಿಂ, ಮಾಂದ್ರೆ, ಆಗೊಂದ, ಗಾಲ್ಜಿಬಾಗ್ ಕಡೆ ಚಳಿಗಾಲದಲ್ಲಿ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುವ ತೀರಗಳವು. ಮೊಟ್ಟೆಯೊಡೆದ ಮರಿಗಳು ನೀರಿನ ಮೇಲಿನ ಬೆಳಕನ್ನು ಅರಸಿ ಸಾಗುತ್ತವೆ; ಗಾಡಿಯ ಹೊರದೀಪ ಉರಿಯುತ್ತಿದ್ದರೆ ಅವು ರಸ್ತೆಯತ್ತ ತಿರುಗಿಬಿಡುತ್ತವೆ.

ಜನರೇಟರ್ ಬಗ್ಗೆ ಎರಡು ಕಾರಣಗಳಿಗಾಗಿ ಹೇಳಬೇಕಾಗಿದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ ಶಬ್ದ 45 ಡೆಸಿಬೆಲ್ ಮೀರಬಾರದೆಂಬುದು 2000ದ ಶಬ್ದಮಾಲಿನ್ಯ ನಿಯಮ. ಅದಕ್ಕಿಂತ ದೊಡ್ಡದು ಜೀವದ ಪ್ರಶ್ನೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ, ರಸ್ತೆ ಬದಿಯಲ್ಲಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತಿದ್ದರು. ಜನರೇಟರಿನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ತಜ್ಞರ ಪರೀಕ್ಷೆಯಲ್ಲಿ ಕಂಡುಬಂತು. ಬಣ್ಣವೂ ವಾಸನೆಯೂ ಇಲ್ಲದ ಅನಿಲವದು, ಮಲಗಿದವರಿಗೆ ತಿಳಿಯುವುದೇ ಇಲ್ಲ. ಜನರೇಟರ್ ನಡೆಸುತ್ತಾ, ಎ.ಸಿ. ಹಾಕಿ ಕಿಟಕಿ ಮುಚ್ಚಿ ಮಲಗಬೇಡಿ; ಈ ಅನಿಲವನ್ನು ಗುರುತಿಸಿ ಕೂಗುವ ಪುಟ್ಟ ಉಪಕರಣವನ್ನು ಬಾಡಿಗೆ ಗಾಡಿಯಲ್ಲಿಯೂ ಕೇಳಿ ಹಾಕಿಸಿಕೊಳ್ಳಿ.

ಎಲ್ಲಿ ನಿಲ್ಲಬಾರದೆಂಬುದನ್ನು ಕೆಲವೇ ಮಾತಿನಲ್ಲಿ ಹೇಳಬಹುದು: ಫೆರಿ ಧಕ್ಕೆಯ ಇಳಿಜಾರು, ಮೀನುಗಾರರು ದೋಣಿ ಎಳೆಯುವ ಜಾಗ, ಗುರುವಾರ ರಾತ್ರಿ ಮಾಪುಸಾ ಪೇಟೆ (ಶುಕ್ರವಾರ ಅಲ್ಲಿ ಸಂತೆ), ಮಳೆಗಾಲದಲ್ಲಿ ತೆಂಗಿನ ಮರದ ಕೆಳಗೆ. ನಿಲ್ಲಲು ನಾನು ಸೂಚಿಸುವ ಮೊದಲ ಜಾಗ, ಒಪ್ಪಿಗೆ ಪಡೆದ, ರಾತ್ರಿಯಿಡೀ ದೀಪ ಉರಿಯುವ ಪೆಟ್ರೋಲ್ ಬಂಕಿನ ಹಿಂಬದಿ. ಎರಡನೆಯದು ಪೋಂಡಾ ತಾಲ್ಲೂಕಿನ ಮಂಗೇಶಿ, ಕವಳೆಯ ಶಾಂತಾದುರ್ಗಾ ಮುಂತಾದ ದೇವಸ್ಥಾನಗಳ ಕಡೆ. ಅಲ್ಲಿ ಭಕ್ತರು ತಂಗಲು ಅಗ್ರಶಾಳೆಗಳಿವೆ. ಕೋಣೆ ಪಡೆದು ಗಾಡಿಯನ್ನು ಆವರಣದಲ್ಲಿ ಇಡಬಹುದೇ ಎಂದು ಹೊರಡುವ ಮೊದಲೇ ದೇವಸ್ಥಾನದ ಕಚೇರಿಗೆ ಫೋನ್ ಮಾಡಿ ವಿಚಾರಿಸಿಕೊಳ್ಳಿ.