ಇಲ್ಲದ ಊರಿನ ಜಂಕ್ಷನ್

ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಮುಂಬೈ–ಚೆನ್ನೈ ರೈಲು ದಾರಿ ನೆಟ್ಟಗೆ ಹೋಗುತ್ತದೆ, 1874ರಲ್ಲಿ ಹಾಕಿದ ಸಿಕಂದರಾಬಾದ್ ದಾರಿ ಅಲ್ಲಿಂದ ಕವಲೊಡೆಯುತ್ತದೆ. ಎರಡು ದಾರಿ ಕೂಡಬೇಕಾದರೆ ಕಾರಣ ಇರಲೇಬೇಕು. ಇಂಗ್ಲೆಂಡಿನ ಮಾಡೆಲ್ ರೈಲ್ವೆ ಕ್ಲಬ್ಬಿನವರು, ಅಂದರೆ ಹವ್ಯಾಸಕ್ಕಾಗಿ ಪುಟ್ಟ ರೈಲು ದಾರಿ ಕಟ್ಟುವವರು, ಇಲ್ಲದ ಹಳ್ಳಿಗೊಂದು ಜಂಕ್ಷನ್ ಕಟ್ಟುವಾಗ ಮೊದಲು ಕೇಳುವುದು ಇದನ್ನೇ: ಈ ಕವಲು ಎಲ್ಲಿಗೆ ಹೋಗುತ್ತದೆ, ಏನು ಹೊತ್ತು ತರುತ್ತದೆ? ಹಾಲಿನ ಕ್ಯಾನು, ದನ, ಕಲ್ಲಿದ್ದಲು ಅಂತ ಉತ್ತರ ಸಿಕ್ಕರೆ ಗೂಡ್ಸ್ ಶೆಡ್ ಎಲ್ಲಿರಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ನಷ್ಟದ ದಾರಿಗಳನ್ನು ಮುಚ್ಚಬೇಕೆಂದ 1963ರ ಬೀಚಿಂಗ್ ವರದಿಯ ನಂತರ ಬ್ರಿಟನ್ನಿನ ಇಂಥ ಹಳ್ಳಿ ದಾರಿಗಳು ಬಹಳಷ್ಟು ಮುಚ್ಚಿಹೋದವು. ಹಾಗಾಗಿ ಹಲಗೆಯ ಮೇಲೆ ಕಟ್ಟಿದ ಇಂಥ ಎಷ್ಟೋ ಪುಟ್ಟ ರೈಲು ದೃಶ್ಯಗಳಲ್ಲಿ, ಅಂದರೆ ಲೇಔಟ್‌ಗಳಲ್ಲಿ, ಇನ್ನೂ 1950ರ ದಶಕವೇ ನಡೆದಿದೆ.

ಬ್ರಿಟನ್ನಿನ ಮಾಡೆಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಓಓ (OO) ಅಳತೆ. ಒಂದು ಅಡಿಗೆ 4 ಮಿ.ಮೀ., ಅಂದರೆ 1:76. ಹಳಿಗಳ ನಡುವೆ ಮಾತ್ರ 16.5 ಮಿ.ಮೀ., ಅದು ಲೆಕ್ಕಕ್ಕಿಂತ ಕಿರಿದು. ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್‌ಗೆ ಇದೇ ಅಳತೆಯಲ್ಲಿ 22 ಮಿ.ಮೀ. ಬೇಕು. ಆದ್ದರಿಂದ ಕಲಬುರಗಿಯಲ್ಲಿ ಕೂತು ವಾಡಿಯನ್ನೇ ಮಾಡಹೊರಟವರು ಹಳಿ ಕೊಳ್ಳುವ ಮೊದಲೇ ಈ ತೊಡಕನ್ನು ಬಗೆಹರಿಸಿಕೊಳ್ಳಬೇಕು. ಅಂಗಡಿಯ ಹಳಿಯೇ ಸಾಕು ಎಂದರೆ ರೈಲು ಓಡುತ್ತದೆ, ಎದುರಿನಿಂದ ನೋಡಿದಾಗ ಮಾತ್ರ ಗಾಲಿ ಒಳಸೇರಿದಂತೆ ಕಾಣುತ್ತದೆ.

ಪ್ರದರ್ಶನಕ್ಕೆ ಹೊತ್ತೊಯ್ಯುವ ಲೇಔಟ್ ಒಂದೇ ಹಲಗೆಯದ್ದಲ್ಲ. 9 ಮಿ.ಮೀ. ಪ್ಲೈವುಡ್ಡಿನ ನಾಲ್ಕಡಿ–ಎರಡಡಿ ತುಂಡುಗಳನ್ನು ಎಂಟು ಮಿ.ಮೀ. ಬೋಲ್ಟ್‌ನಿಂದ ಬಿಗಿಯುತ್ತಾರೆ. ಬೋಲ್ಟ್ ಬಿಗಿಯುತ್ತದೆಯೇ ಹೊರತು ಸಾಲು ಹಿಡಿಸುವುದಿಲ್ಲ. ಸಾಲು ಹಿಡಿಸಲು ಗಂಡು–ಹೆಣ್ಣು ಜೋಡಿಯ ಲೋಹದ ಡೋವೆಲ್ (ಒಂದರೊಳಗೊಂದು ಕೂರುವ ಗೂಟ) ಬೇಕು, ಪ್ರತಿ ಕೂಡುವಂಚಿಗೆ ಎರಡು ಜೋಡಿ. ಈ ಅಂಚಿನಲ್ಲೇ ಅತಿ ಹೆಚ್ಚು ರೈಲು ಹಳಿ ತಪ್ಪುತ್ತವೆ. ಹಳಿಯಡಿಯ ಅಡ್ಡಪಟ್ಟಿ, ಅಂದರೆ ಸ್ಲೀಪರ್, ಪ್ಲಾಸ್ಟಿಕ್ಕಿನದಾದರೆ ಅಲ್ಲಿ ಸಾಗಿಸುವಾಗಿನ ಪೆಟ್ಟು ತಾಳುವುದಿಲ್ಲ. ಅದರ ಬದಲು ತಾಮ್ರದ ಪದರವಿರುವ ಸ್ಲೀಪರ್ ಅಂಟಿಸಿ, ಹಳಿಯನ್ನು ಅಂಚು ದಾಟಿಸಿ ಒಂದೇ ತುಂಡಾಗಿ ಹಾಸಿ, ಬೆಸೆದು, ಆಮೇಲೆ ತೆಳು ಗರಗಸದಿಂದ ಕೊಯ್ಯಬೇಕು. ಮೊದಲೇ ಕೊಯ್ದು ಆಮೇಲೆ ಜೋಡಿಸಿದರೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಬಂದೇ ಬರುತ್ತದೆ. ಎಂಜಿನ್ನಿಗೆ ಕರೆಂಟ್ ಬರುವುದು ಎರಡು ಹಳಿಗಳ ಮೂಲಕವೇ, ಆದ್ದರಿಂದ ಅವುಗಳ ನಡುವಿನ ತಾಮ್ರವನ್ನೂ ಗೀರಿ ತುಂಡರಿಸಿರಬೇಕು. ಮರೆತರೆ ಕರೆಂಟ್ ಹಾಕುತ್ತಲೇ ಶಾರ್ಟ್.

ಶಾರ್ಟ್ ಆಗುವ ಇನ್ನೊಂದು ಜಾಗ ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು. ಹಳಿಗಳು ಕೂಡುವ ಲೋಹದ ಮೂತಿಗೆ ಫ್ರಾಗ್ ಎನ್ನುತ್ತಾರೆ. ಪಾಯಿಂಟ್ ತಿರುಗಿದಾಗ ಅದರ ವಿದ್ಯುತ್ ಧ್ರುವವೂ (ಪ್ಲಸ್–ಮೈನಸ್) ಬದಲಾಗುತ್ತದೆ. ಫ್ರಾಗಿನ ಆಚೆಯ ಎರಡು ಒಳಹಳಿಗಳಿಗೆ ಕರೆಂಟ್ ತಡೆಯುವ ಪ್ಲಾಸ್ಟಿಕ್ ಜಾಯಿನರ್ (ಹಳಿ ಜೋಡಿಸುವ ತುಣುಕು) ಹಾಕದೆ ಆ ಕಡೆಯಿಂದಲೂ ಕರೆಂಟ್ ಕೊಟ್ಟರೆ, ಒಂದು ಕಡೆ ತಿರುಗಿಸಿದಾಗ ಎಲ್ಲ ಸರಿ, ಮತ್ತೊಂದು ಕಡೆಗೆ ತಿರುಗಿಸಿದರೆ ಲೇಔಟೇ ನಿಂತುಬಿಡುತ್ತದೆ. ಹಳಿಯ ಪ್ರತಿ ತುಂಡಿಗೂ ಕೆಳಗಿನಿಂದ ಬೇರೆ ತಂತಿ ಬೆಸೆಯಿರಿ. ಲೋಹದ ಜಾಯಿನರ್ ಕರೆಂಟ್ ದಾಟಿಸುತ್ತದೆಂಬ ಭರವಸೆ ಬೇಡ, ಬಣ್ಣ, ಅಂಟು, ತುಕ್ಕು ಸೇರಿ ಅದನ್ನು ಕೆಡಿಸುತ್ತವೆ.

ನಮ್ಮ ಕಡೆಯ ಬಿಸಿಲನ್ನಂತೂ ಲೆಕ್ಕಕ್ಕೆ ಹಿಡಿಯಲೇಬೇಕು. ಒಂದು ಗಜದ, ಅಂದರೆ 914 ಮಿ.ಮೀ. ಹಳಿ 20 ಡಿಗ್ರಿಯಿಂದ 42ಕ್ಕೆ ಹೋದರೆ ಸುಮಾರು 0.3 ಮಿ.ಮೀ. ಉದ್ದವಾಗುತ್ತದೆ. ಜನವರಿಯಲ್ಲಿ ಬಿರುಕಿಲ್ಲದೆ ಹಾಸಿದ ಹಳಿ ಮೇ ತಿಂಗಳಲ್ಲಿ ಹಾವಿನಂತೆ ಬಾಗುತ್ತದೆ. ಚಳಿಗಾಲದಲ್ಲಿ ಹಾಸುವವರು ಪ್ರತಿ ಕೂಡಿಕೆಯಲ್ಲಿ ಅರ್ಧ ಮಿ.ಮೀ. ಬಿಡಲಿ, ಬೇಸಿಗೆಯಲ್ಲಿ ಹಾಸಿದರೆ ಒತ್ತಿ ಕೂಡಿಸಬಹುದು. ಪ್ಲೈವುಡ್ಡಿನ ಅಡಿಮೈಗೂ ವಾರ್ನಿಷ್ ಬಳಿಯಿರಿ, ಮಳೆಗಾಲದ ತೇವಕ್ಕೆ ಹಲಗೆ ಡೊಂಕಾಗುವುದು ಆ ಕಡೆಯಿಂದಲೇ.

ಜಲ್ಲಿಯನ್ನು ಕೊಳ್ಳಬೇಕಿಲ್ಲ. ಶಹಾಬಾದ್ ಫರ್ಸಿ ಕೊಯ್ಯುವಲ್ಲಿ ಬೀಳುವ ಪುಡಿಯನ್ನು ತೊಳೆದು, ಒಣಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಸರಿಯಾದ ಕಾಳು ಸಿಗುತ್ತದೆ. ಅದರ ಮೇಲೊಮ್ಮೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಚೂರು ಉಳಿದರೆ ಎಂಜಿನ್ನಿನ ಮೋಟಾರ್ ಅದನ್ನು ಎಳೆದುಕೊಳ್ಳುತ್ತದೆ. ಹಳಿಗಳ ನಡುವೆ ಒಣ ಪುಡಿ ಹರಡಿ, ಸ್ಲೀಪರ್ ಮೇಲಿನದನ್ನು ಕುಂಚದಿಂದ ಕೆಳಗಿಳಿಸಿ, ಪಾತ್ರೆ ತೊಳೆಯುವ ದ್ರವ ಒಂದು ಹನಿ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ. ಬಿಳಿ ಫೆವಿಕಾಲ್‌ಗೆ ಸಮ ನೀರು ಬೆರೆಸಿ ಡ್ರಾಪರ್‌ನಿಂದ ಬಿಡಿ. ಒದ್ದೆ ಮಾಡದೆ ಅಂಟು ಬಿಟ್ಟರೆ ಅದು ಉಂಡೆಗಟ್ಟಿ ಪುಡಿಯಲ್ಲಿ ಗುಳಿ ಬೀಳುತ್ತದೆ. ಪಾಯಿಂಟಿನ ಅಲುಗಾಡುವ ಹಳಿಯ, ಅಂದರೆ ನಾಲಿಗೆಯ, ಹತ್ತಿರ ಅಂಟನ್ನೇ ಒಯ್ಯಬೇಡಿ. ಒಂದು ದಿನ ಮುಟ್ಟದೆ ಬಿಡಿ.

ರೈಲು ಮತ್ತೆ ಮತ್ತೆ ಹಳಿ ತಪ್ಪಿದರೆ ಹಳಿ ಕೀಳುವ ಮೊದಲು ಗಾಲಿ ಅಳೆಯಿರಿ. ಓಓದಲ್ಲಿ ಎರಡು ಗಾಲಿಗಳ ಒಳಮೈಗಳ ನಡುವೆ 14.5 ಮಿ.ಮೀ. ಇರಬೇಕು. 14ಕ್ಕೆ ಇಳಿದಿದ್ದರೆ ಗಾಲಿ ಫ್ರಾಗಿನ ಹತ್ತಿರ ಏರಿ ಕೂರುತ್ತದೆ. ಮೆಲ್ಲಗೆ ತಿರುಚುತ್ತ ಹೊರಗೆಳೆದು, ಮತ್ತೆ ಅಳೆದು, ಒಂದೇ ಡಬ್ಬಿಯನ್ನು ಕೈಯಿಂದ ತಳ್ಳಿ ನೋಡಿ.