ಮಗಳು ಬಿಟ್ಟ ಪೆಟ್ಟಿಗೆ

ಪೆಟ್ಟಿಗೆ ನನ್ನದಲ್ಲ, ಮಗಳದ್ದು. ನಿಜ ಹೇಳಬೇಕಂದರೆ ಅವಳದ್ದೂ ಅಲ್ಲ, ಬಾಡಿಗೆಯದ್ದು.

ನಾವಿರೋದು ಐರ್ಲೆಂಡಿನ ಪಶ್ಚಿಮಕ್ಕೆ, ಕ್ಲೇರ್ ಕೌಂಟಿಯ ಎನ್ನಿಸ್ ಪಟ್ಟಣದಲ್ಲಿ. ಪೆಟ್ಟಿಗೆ ಅಂದರೆ ಕನ್ಸರ್ಟಿನಾ, ಎರಡು ಕೈ ನಡುವೆ ತಿದಿ ತಳ್ಳಿ ಎಳೆದು ಬಾರಿಸುವ ಸಣ್ಣ ವಾದ್ಯ. ಇಲ್ಲಿ ಮಕ್ಕಳು ಕನ್ಸರ್ಟಿನಾ ಕ್ಲಾಸಿಗೆ ಹೋಗೋದು ನಮ್ಮ ಕಡೆ ಭರತನಾಟ್ಯಕ್ಕೆ ಹೋದಷ್ಟೇ ಮಾಮೂಲು. ಮಗಳೂ ಸೇರಿದಳು. ಒಂದು ಟರ್ಮ್ ಹೋದಳು. ಎರಡನೇ ಟರ್ಮ್ ಹೊತ್ತಿಗೆ ಕಮೋಗಿ ತಂಡದಲ್ಲಿ ಜಾಗ ಸಿಕ್ಕಿತು. ಕಮೋಗಿ ಅಂದರೆ ಹುಡುಗಿಯರ ಹರ್ಲಿಂಗ್, ಕೋಲು ಹಿಡಿದು ಆಡುವ ಆಟ. ಅದರ ಮುಂದೆ ಯಾವ ವಾದ್ಯವೂ ನಿಲ್ಲಲಿಲ್ಲ. ಬಾಡಿಗೆ ಕರಾರು ಮಾತ್ರ ಇಡೀ ವರ್ಷದ್ದು. ಗದಗ ಜಿಲ್ಲೆಯವಳು ನಾನು, ಕೊಟ್ಟ ದುಡ್ಡು ಸುಮ್ನೆ ಕಪಾಟಿನ ಮೇಲೆ ಕೂತಿರೋದನ್ನ ನೋಡೋಕಾಗಲ್ಲ. ಯಾರಾದರೂ ಬಾರಿಸಲೇಬೇಕಲ್ಲ?

ಕ್ಲಾಸಿಗೆ ಹೋಗೋಣ ಅಂದರೆ ನನ್ನದು ನರ್ಸ್ ಕೆಲಸ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು, ಕೆಲವು ವಾರ ಅದರ ಉಲ್ಟಾ. ಮಂಗಳವಾರ ಸಂಜೆಯ ಕ್ಲಾಸಿನಲ್ಲಿ ಎಂಟು ವರ್ಷದ ಮಕ್ಕಳ ನಡುವೆ ಸಣ್ಣ ಕುರ್ಚಿ ಮೇಲೆ ಕೂರುವ ಧೈರ್ಯವೂ ಇರಲಿಲ್ಲ. ಹಾಗಾಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅಕ್ಕಿ ಡಬ್ಬಿಗೆ ಫೋನ್ ಒರಗಿಸಿ, ವಿಡಿಯೋ ಪಾಠ ಶುರು ಮಾಡಿದೆ.

ನನಗೆ ಒಳಗೊಳಗೆ ಸ್ವಲ್ಪ ಸೊಕ್ಕಿತ್ತು. ನರಗುಂದದ ನನ್ನ ಸೋದರಮಾವ ಪೇಟಿ ಮಾಸ್ತರು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಆದರೆ ಊರವರಿಗೆ ಅವರು ಯಾವಾಗಲೂ ಪೇಟಿ ಮಾಸ್ತರೇ. ಬೇಸಿಗೆ ರಜೆಯಲ್ಲಿ ಅವರ ಪಕ್ಕ ಕೂತು ಹಾರ್ಮೋನಿಯಂ ಮೇಲೆ ಬಿಲಾವಲ್, ಭೂಪ, ಒಂದೆರಡು ವಚನ ಬಾರಿಸೋದು ಕಲಿತಿದ್ದೆ. ಇದೂ ತಿದಿ, ಅದೂ ತಿದಿ. ಇದರಲ್ಲೂ ರೀಡು, ಅಂದರೆ ಗಾಳಿಗೆ ನಡುಗಿ ಸ್ವರ ಕೊಡುವ ಲೋಹದ ಪಟ್ಟಿ, ಅದರಲ್ಲೂ ರೀಡು. ಎಷ್ಟು ಕಷ್ಟ ಇದ್ದೀತು ಅಂದುಕೊಂಡೆ.

ಮೊದಲ ಪಾಠದ ಐದನೇ ನಿಮಿಷಕ್ಕೆ ಸೊಕ್ಕು ಇಳಿಯಿತು.

ಹಾರ್ಮೋನಿಯಂನಲ್ಲಿ ತಿದಿ ಹೇಗೇ ಆಡಲಿ, ಒಂದು ಮನೆ, ಅಂದರೆ ಕೀಲಿ, ಒತ್ತಿದರೆ ಒಂದೇ ಸ್ವರ. ಕ್ಲೇರ್‌ನಲ್ಲಿ ಬಾರಿಸೋದು ಆಂಗ್ಲೋ ಕನ್ಸರ್ಟಿನಾ. ಅದರಲ್ಲಿ ತಿದಿ ತಳ್ಳಿದರೆ ಒಂದು ಸ್ವರ, ಅದೇ ಬಟನ್ ಹಿಡಿದು ಎಳೆದರೆ ಇನ್ನೊಂದು. ಮೂವತ್ತು ಬಟನ್, ಅರವತ್ತು ರೀಡು. ಎರಡೂ ಬದಿ ಮೂರು ಮೂರು ಸಾಲು: ನಡುವಿನದು ಸಿ ಸಾಲು, ಅಂಗೈ ಹತ್ತಿರದ್ದು ಜಿ ಸಾಲು, ಹೊರಗಿನದರಲ್ಲಿ ಹೆಚ್ಚಾಗಿ ಕೋಮಲ, ತೀವ್ರ ಸ್ವರಗಳು. ಇದನ್ನ ವಿಡಿಯೋ ಕಾಲ್‌ನಲ್ಲಿ ಮಾಮಾಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ಹೇಳಿದ್ದು: "ಒಂದ ಮನಿಗೆ ಇಬ್ಬರು ಯಜಮಾನ್ರು ಇದ್ದಂಗಾತಲ್ಲವ್ವಾ!"

ತಮಾಷೆ ಏನೆಂದರೆ ತಳ್ಳಿದರೂ ಎಳೆದರೂ ಒಂದೇ ಸ್ವರ ಬರುವ ಕನ್ಸರ್ಟಿನಾವೂ ಇದೆ. ಅದಕ್ಕೆ ಇಂಗ್ಲಿಷ್ ಕನ್ಸರ್ಟಿನಾ ಅಂತಾರೆ. ಅದನ್ನ ಮಾಡಿದವರು ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟನ್, 1844ರಲ್ಲಿ ಪೇಟೆಂಟ್ ತಗೊಂಡರು. ಹೌದು, ಪಿಯುಸಿ ಫಿಸಿಕ್ಸಿನಲ್ಲಿ ನಮ್ಮನ್ನು ಗೋಳಾಡಿಸಿದ ವೀಟ್‌ಸ್ಟನ್ ಬ್ರಿಡ್ಜ್‌ನ ಅದೇ ವೀಟ್‌ಸ್ಟನ್. ಎರಡು ಸ್ವರದ ತಂಟೆ ಜರ್ಮನಿಯಿಂದ ಬಂದದ್ದು. ಕೆಮ್ನಿಟ್ಸ್ ಊರಿನ ಕಾರ್ಲ್ ಫ್ರೀಡ್ರಿಕ್ ಊಲಿಗ್ 1834ರಲ್ಲಿ ಅಂಥ ಪೆಟ್ಟಿಗೆ ಮಾಡಿದ್ದರು. ಜರ್ಮನ್ ಪೆಟ್ಟಿಗೆ ಅಗ್ಗ. ಅಗ್ಗದ್ದು ಹಳ್ಳಿಗಳಿಗೆ ಹೋಯಿತು, ಕ್ಲೇರ್‌ಗೂ ಬಂತು. ಇಲ್ಲಿ ಅದು ಹೆಂಗಸರ ವಾದ್ಯವಾಯಿತು. ಒಲೆಯ ಪಕ್ಕದ ಗೋಡೆಯ ಗೂಡಿನಲ್ಲಿ ಬೆಚ್ಚಗೆ ಇಟ್ಟಿರುತ್ತಿದ್ದರಂತೆ, ಥಂಡಿಗೆ ರೀಡು ಹಾಳಾಗಬಾರದು ಅಂತ. ಐರಿಷ್ ಭಾಷೆಯಲ್ಲಿ 'ಹೆಣ್ಣು ಅಕಾರ್ಡಿಯನ್' ಅನ್ನೋ ಅರ್ಥದ ಹೆಸರೂ ಇದಕ್ಕಿದೆ. ನಾನು ಅಡುಗೆಮನೆಯಲ್ಲಿ ಕೂತು ಬಾರಿಸೋದು ಹೊಸದೇನಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ವಿಡಿಯೋ ಪಾಠದ ಕಷ್ಟ ಬಾರಿಸದವರಿಗೆ ಹೊಳೆಯಲ್ಲ. ಎರಡೂ ಕೈ ಪಟ್ಟಿಯೊಳಗೆ ಸಿಕ್ಕಿರುತ್ತವೆ. ಮಾಸ್ತರು ಮುಂದೆ ಹೋಗಿಬಿಟ್ಟರೆ ನಿಲ್ಲಿಸೋದು ಹೇಗೆ? ನಾನು ಮೂಗಿನಿಂದ ಫೋನ್ ಒತ್ತುತ್ತಿದ್ದೆ. ಒಂದು ದಿನ ಹಾಗೆ ಒತ್ತಲು ಹೋಗಿ ಗಂಡನ ಆಫೀಸಿನ ಯಾರಿಗೋ ಕಾಲ್ ಹೋಯಿತು. ಇನ್ನೊಂದು ಕಷ್ಟ ಎಡ ಬಲದ್ದು. ಪರದೆ ಮೇಲೆ ಅವರ ಎಡಗೈ ನನ್ನ ಬಲಕ್ಕೆ ಕಾಣುತ್ತದೆ. ಮೊದಲ ವಾರ ಪೂರ್ತಿ ನಾನು ಕನ್ನಡಿ ಬಿಂಬದ ಹಾಗೆ ಬಾರಿಸಿ, ಯಾಕೆ ರಾಗ ಬರ್ತಿಲ್ಲ ಅಂತ ಪೆಟ್ಟಿಗೆಯನ್ನೇ ಬೈದೆ.

ಒಳ್ಳೆಯದು ಒಂದಿತ್ತು, ಅರ್ಧ ವೇಗ. ಒತ್ತಿದರೆ ಸಾಕು, ಮಾಸ್ತರು ನಿದ್ದೆಗಣ್ಣಿನಲ್ಲಿ ಬಾರಿಸಿದ ಹಾಗೆ ನಿಧಾನ ಆಗುತ್ತಾರೆ, ಆದರೆ ಸ್ವರ ಇಳಿಯಲ್ಲ. ಇದನ್ನ ಯಾವ ಜೀವಂತ ಗುರುವೂ ನಲವತ್ತು ಸಲ ಮುಖ ಸಿಂಡರಿಸದೆ ಮಾಡಿಕೊಡಲಾರರು.

ಪಾಠದ ಜೊತೆ ಬರುವ ಚಾರ್ಟ್ ತಲೆಗೆ ಹತ್ತಲಿಲ್ಲ. ಊರಿಂದ ತಂದ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಅದರ ಹಿಂದೆ ನನ್ನದೇ ಚಾರ್ಟ್ ಬರೆದೆ. ಜಿ ಸ್ವರವನ್ನು ಷಡ್ಜ ಮಾಡಿಕೊಂಡೆ, ಮಾಮಾನ ಭಾಷೆಯಲ್ಲಿ ಬಿಳಿ ಐದು, ಅಂದರೆ ಪೇಟಿಯ ಐದನೇ ಬಿಳಿ ಮನೆ. ಸಾ, ಎಡಗೈ ತೋರುಬೆರಳು, ತಳ್ಳು. ರೇ, ಅದೇ ಬೆರಳು, ಅದೇ ಬಟನ್, ಎಳೆ. ಗ, ಬಲಗೈ ತೋರುಬೆರಳು, ಎಳೆ. ಮ, ಅದೇ ಬಟನ್, ತಳ್ಳು. ಪ, ಬಲಗೈ ನಡುಬೆರಳು, ಎಳೆ. ಧ, ಅದೇ, ತಳ್ಳು. ನಿ ಬಂದಾಗ ಬಲಗೈ ತೋರುಬೆರಳು ಜಿ ಸಾಲಿಗೆ ಇಳಿದು ಎಳೆಯಬೇಕು. ಮೇಲಿನ ಸಾ ಅಲ್ಲೇ, ತಳ್ಳು. ಇಷ್ಟು ಗಟ್ಟಿ ಮಾಡೋಕೆ ಮೂರು ವಾರ. ಬಸ್ಸಿನಲ್ಲಿ ಕೂತಾಗಲೂ ಮೊಣಕಾಲ ಮೇಲೆ ಬೆರಳು ಆಡುತ್ತಿದ್ದವು, ಮೊಣಕೈ ಒಳಗೆ ಹೊರಗೆ ಹೋಗುತ್ತಿತ್ತು. ಪಕ್ಕದವರು ಸರಿದು ಕೂತರು.

ಇದು ಬಂದ ಮೇಲೆ ಗೊತ್ತಾಯಿತು, ಗಂಧಾರ ಇನ್ನೊಂದು ಕಡೆಯೂ ಇದೆ ಅಂತ. ಎಡಗೈ ಜಿ ಸಾಲಿನ ನಾಲ್ಕನೇ ಬಟನ್ ತಳ್ಳಿದರೂ ಅದೇ ಗ. ಪಂಚಮಕ್ಕೂ ಹೀಗೇ, ಪಕ್ಕದ ಐದನೇ ಬಟನ್ನಿನಲ್ಲಿ. ಮಾಮಾಗೆ ಹೇಳಿದೆ. "ನಿಮ್ಮ ಗಂಧಾರ ಎರಡು ಸಂಸಾರ ಮಾಡ್ಯಾನ ಅನ್ನು" ಅಂದರು. ಮಾಮಿ ಒಳಗಿಂದ ಏನೋ ಗದರಿದ್ದು ಕೇಳಿಸಿತು.

ಆಮೇಲೆ ಒಂದು ಜಿಗ್‌ಗೆ ಬಂದೆ. ಜಿಗ್ ಅಂದರೆ ಐರಿಷ್ ಕುಣಿತದ ಒಂದು ಧಾಟಿ. ಆರು ಮಾತ್ರೆ, ಮೂರು ಮೂರು. ನಮ್ಮ ದಾದ್ರಾ ತಾಳದ ಲೆಕ್ಕವೇ, ಆದರೆ ನಡಿಗೆ ಬೇರೆ. ಮೂರರಲ್ಲಿ ಮೊದಲನೆಯದು ಕೊಂಚ ಎಳೆದುಕೊಂಡು, ಎರಡನೆಯದು ಸಣ್ಣದಾಗಿ ಜಾರಬೇಕು. ಸಮನಾಗಿ ಬಾರಿಸಿದರೆ ಹೊಲಿಗೆ ಮಷಿನ್ ಓಡಿಸಿದ ಹಾಗೆ ಕೇಳುತ್ತದೆ. ಜಿಗ್ ಶುರು ಮಾಡಿದ ಮೇಲೆಯೇ ನಿಜವಾದ ತೊಂದರೆ ಎದುರಾದದ್ದು: ನನಗೆ ಗಾಳಿ ಸಾಲದಾಯಿತು.

ಆ ಜಿಗ್‌ನಲ್ಲಿ ಒಂದು ಸಾಲು ಹೀಗಿದೆ: ರೇ ಗ ರೇ, ಪ ಗ ರೇ. ನನ್ನ ಚಾರ್ಟ್ ಪ್ರಕಾರ ಆರಕ್ಕೆ ಆರೂ ಎಳೆತ. ಇನ್ನೂ ಎರಡು ಸಾಲು ಮುಗಿಯೋದರೊಳಗೆ ತಿದಿ ಪೂರ್ತಿ ಬಿಚ್ಚಿಕೊಂಡು, ಕೈಗಳು ಯಾರನ್ನೋ ಅಪ್ಪಿಕೊಳ್ಳಲು ಹೊರಟ ಹಾಗೆ ಚಾಚಿರುತ್ತಿದ್ದವು. ಮುಂದಿನ ಸ್ವರಕ್ಕೆ ಎಳೆಯೋಕೆ ಏನೂ ಉಳಿದಿರುತ್ತಿರಲಿಲ್ಲ. ವಿಡಿಯೋದಲ್ಲಿ ಮಾಸ್ತರ ತಿದಿ ಮಾತ್ರ ಒಂದು ಗೇಣಿಗಿಂತ ಜಾಸ್ತಿ ತೆರೆಯುತ್ತಿರಲಿಲ್ಲ. ಅವರ ಪೆಟ್ಟಿಗೆ ಜೆಫ್ರೀಸ್ ಅನ್ನೋ ಹೆಸರಾಂತ ತಯಾರಕರ ಹಳೇದು, ಸಾವಿರಾರು ಯೂರೋದ್ದು. ನನ್ನದು ಕಲಿಯುವವರ ಪೆಟ್ಟಿಗೆ. ದುಡ್ಡಿನದೇ ವ್ಯತ್ಯಾಸ ಅಂತ ಎರಡು ತಿಂಗಳು ಸಮಾಧಾನ ಮಾಡಿಕೊಂಡೆ.

ಬಲಗೈ ಹೆಬ್ಬೆರಳಿನ ಹತ್ತಿರ ಗಾಳಿ ಬಟನ್ ಅಂತ ಒಂದಿದೆ. ಅದು ಸ್ವರ ಹೊರಡಿಸಲ್ಲ, ಗಾಳಿ ಮಾತ್ರ ಬಿಡುತ್ತದೆ. ಬಾರಿಸಿ ಮುಗಿದ ಮೇಲೆ ಪೆಟ್ಟಿಗೆ ಮುಚ್ಚೋಕೆ ಅದು ಅಂತ ನಾನು ತಿಳಿದಿದ್ದೆ.

ಒಂದು ದಿನ ಮಾಮಾಗೆ ಆ ಜಿಗ್ ಕೇಳಿಸಿದೆ. ಸುಮ್ಮನೆ ಕೇಳಿ, "ಉಸಿರು ಎಲ್ಲಿ ತಗೊಳ್ತಿ?" ಅಂದರು. ಏನು ಮಾಮಾ ಅಂದೆ. "ಹಾಡವ್ರು ಸಾಲು ಮುಗದ ಮ್ಯಾಲೆ ಉಸಿರು ತಗೊಳ್ಳಂಗಿಲ್ಲ. ನಡುನಡುವ ಕದೀತಾರ. ನಿನ್ನ ಪೆಟಗಿ ಎಲ್ಲಿ ಕದೀತದ?"

ಅವತ್ತು ರಾತ್ರಿ ಡ್ಯೂಟಿ ಇರಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಅದೇ ವಿಡಿಯೋವನ್ನು ಅರ್ಧ ವೇಗದಲ್ಲಿ ಕೇಳಿದೆ. ಪರದೆ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಎರಡನೇ ಸಾಲಿನ ಕೊನೆಯಲ್ಲಿ ಸಾ ಬಂತು, ಸಾ ಕೆಳಗೆ ತೆಳ್ಳಗೆ 'ಹುಸ್ಸ್' ಅಂತ ಒಂದು ಸದ್ದು. ಹಿಂದೆ ಹೋಗಿ ಮತ್ತೆ ಕೇಳಿದೆ. ಇದೆ. ಮುಂದಿನ ಸಾಲಿನ ಧೈವತದ ಕೆಳಗೂ ಇದೆ. ತಳ್ಳುವ ಸ್ವರ ಸಿಕ್ಕಾಗಲೆಲ್ಲ, ಸ್ವರ ನುಡಿಯುತ್ತಿರುವಾಗಲೇ, ಮಾಸ್ತರು ಗಾಳಿ ಬಟನ್ ಒಂಚೂರು ಒತ್ತಿ ತಿದಿಯನ್ನು ಸರಕ್ಕನೆ ಮುಚ್ಚಿಕೊಳ್ಳುತ್ತಿದ್ದಾರೆ. ಕ್ಯಾಮೆರಾ ಮುಂದಿದೆ, ಹೆಬ್ಬೆರಳು ಪೆಟ್ಟಿಗೆಯ ಹಿಂದಿದೆ. ಎರಡು ತಿಂಗಳು ಕಣ್ಣು ಬಿಟ್ಟು ನೋಡಿದರೂ ಅದು ಕಾಣೋದು ಸಾಧ್ಯವೇ ಇರಲಿಲ್ಲ.

ಅದಾದ ಮೇಲೆ ಗಂಧಾರದ ಎರಡನೇ ಸಂಸಾರವೂ ಉಪಯೋಗಕ್ಕೆ ಬಂತು. ಗಾಳಿ ಮುಗಿಯುತ್ತಿದೆ ಅನ್ನಿಸಿದರೆ ಗ ಮತ್ತು ಪ ಎರಡನ್ನೂ ಎಡಗೈಯಲ್ಲಿ ತಳ್ಳಿ ಬಾರಿಸೋದು. ಹೆಬ್ಬೆರಳು ಈಗಲೂ ಒಮ್ಮೊಮ್ಮೆ ಜಾಸ್ತಿ ಒತ್ತಿ, ಸ್ವರ ಸೈಕಲ್ ಟ್ಯೂಬ್ ಪಂಕ್ಚರ್ ಆದ ಹಾಗೆ ಕುಸಿಯುತ್ತದೆ.

ಜುಲೈ ಕೊನೆಗೆ ಕಿಲ್‌ರಷ್‌ಗೆ ಹೋಗಿದ್ದೆವು, ಇಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಕ್ಲೇರ್‌ನ ಕನ್ಸರ್ಟಿನಾ ಅಂದರೆ ಮೊದಲು ಬರುವ ಹೆಸರು ಎಲಿಜಬೆತ್ ಕ್ರಾಟಿ ಅವರದ್ದು. 1885ರಲ್ಲಿ ಹುಟ್ಟಿ 1960ರಲ್ಲಿ ತೀರಿಕೊಂಡರು. ಇಲ್ಲಿಯವರು ಇವತ್ತಿಗೂ ಗೌರವದಿಂದ ಮಿಸೆಸ್ ಕ್ರಾಟಿ ಅಂತಲೇ ಕರೆಯುತ್ತಾರೆ. ಊರಿನ ಚೌಕದಲ್ಲಿ ಅವರ ಕುಟುಂಬದ ಪಬ್ ಇತ್ತು. 1935ರಲ್ಲಿ ಸರ್ಕಾರ ಡಾನ್ಸ್ ಹಾಲ್ ಕಾಯ್ದೆ ತಂದು, ಲೈಸೆನ್ಸ್ ಇಲ್ಲದೆ ಕುಣಿತ ನಡೆಸಬಾರದು ಅಂದಿತು. ಮನೆಗಳಲ್ಲಿ ನಡೆಯುತ್ತಿದ್ದ ಕುಣಿತಕ್ಕೆ ಅದರಿಂದ ದೊಡ್ಡ ಏಟು ಬಿತ್ತು. ಇದನ್ನ ಮಾಮಾಗೆ ಹೇಳಿದಾಗ ಅವರ ಹಳೇ ಗಾಯ ಕೆದಕಿದಂತಾಯಿತು. ನಮ್ಮಲ್ಲಿ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತಲ್ಲ, 1971ರ ತನಕ. ಅರ್ಧ ಗಂಟೆ ಅದೇ ಮಾತು. ಪೆಟ್ಟಿಗೆ ಬಾರಿಸುವವರಿಗೆ ಎಲ್ಲಾ ಕಡೆ ಒಂದೇ ಹಣೆಬರಹ ಅಂತ ಅವರ ತೀರ್ಮಾನ.

ಹೋದ ಭಾನುವಾರ ಅವರೇ ಫೋನ್ ಮಾಡಿದರು. ಪೇಟಿ ಮುಂದಿಟ್ಟುಕೊಂಡು ಕೂತಿದ್ದರು. ಜೊತೆಗೆ ಬಾರಿಸೋಣ ಅಂದರು. ಶುರು ಮಾಡಿದೆವು, ಎರಡೇ ಸಾಲಿಗೆ ಗೊಂದಲ. ನರಗುಂದದಿಂದ ಎನ್ನಿಸ್‌ಗೆ ಸದ್ದು ಬರೋದು ಅರೆಗಳಿಗೆ ತಡ. ನಾನು ಅವರಿಗೆ ಕಾಯುತ್ತೇನೆ, ಅವರು ನನಗೆ ಕಾಯುತ್ತಾರೆ, ಜಿಗ್ ಹೋಗಿ ಶೋಕಗೀತೆ ಆಯಿತು. ಆಗ ಮಗಳು ಬಂದು, "ಅಜ್ಜ, ನೀವು ಮ್ಯೂಟ್ ಮಾಡ್ಕೊಳ್ಳಿ. ಅಮ್ಮ ಬಾರಿಸಲಿ, ನೀವು ಕೇಳ್ತಾ ಬಾರಿಸಿ" ಅಂದಳು.

ಹಾಗೇ ಮಾಡಿದೆವು. ನನಗೆ ಅವರ ಪೇಟಿ ಕೇಳಿಸಲಿಲ್ಲ. ಪರದೆ ಮೇಲೆ ತಿದಿ ಆಡುವ ಎಡಗೈ, ತಲೆ ಅಲ್ಲಾಡೋದು, ಹಿಂದೆ ಮಾಮಿ ಬಂದು ಬಾಗಿಲಿಗೆ ಒರಗಿ ನಿಂತದ್ದು, ಇಷ್ಟು ಕಾಣುತ್ತಿತ್ತು. ಮೂರು ಸಲ ಸುತ್ತಿ ಬಾರಿಸಿ ನಿಲ್ಲಿಸಿದೆ. ಅವರ ಕೈ ಇನ್ನೂ ಒಂದು ಸಾಲು ಆಡಿ ನಿಂತಿತು. ತುಟಿ ಅಲ್ಲಾಡಿತು, ಮ್ಯೂಟ್ ತೆಗೆಯೋದು ಮರೆತಿದ್ದರು. ಮಾಮಿ ಬಂದು ತೆಗೆದರು.

"ಮತ್ತೊಮ್ಮೆ ಬಾರ್ಸು" ಅಂದರು ಮಾಮಾ. "ಎರಡನೇ ಭಾಗದಾಗ ನಾ ತಪ್ಪೇನಿ."